ಆಕಿ ಕಾರ್ಡು, ನಮ್ಮ ಕಣ್ಣು

ವೈನಿ, ಶಂಡಗಿ ಒಣಗಾಕ ಹಾಕಿದ್ದಾತಂದ್ರ ಈ ಬೇಲಿ ಕಡೆ ಒಂಚೂರು ಬರ್ರಿ. ಮುಂಜಾನಿ ನಳದ ಮುಂದ ನೀವು ಆಡಿದ ಮಾತು ಇನ್ನೂ ನನ್ನ ತಲ್ಯಾಗ ಐತಿ. ಹಿಂದಿನ ಓಣ್ಯಾಕಿ ಕೊಡಾ ಎತ್ತಿಕೊಂಡು ನಾಕ ಹೆಜ್ಜಿ ಹೋಗಿದ್ದಿಲ್ಲ, ನೀವು ಶುರು ಮಾಡಿದ್ರಿ. "ಬಿಪಿಎಲ್ ಕಾರ್ಡಂತ, ಮನ್ಯಾಗ ನೋಡಿದ್ರ ಫ್ರಿಜ್ಜು. ಮಗಗ ಬೈಕು. ಪುಗಸಟ್ಟೆ ಅಕ್ಕಿ, ಪುಗಸಟ್ಟೆ ಬಸ್ಸು, ತಿಂಗಳಾ ಎರಡು ಸಾವಿರ. ಕಸಾ ತಗಿಯಾಕ ಬಾರಬೇ ಅಂದ್ರ ಮೈಯಾಗ ಆರಾಮಿಲ್ಲಂತ." ನಿಂತವರೆಲ್ಲಾ ಹೌದ್ ಹೌದು ಅಂದ್ರು. ಆಕಿ ಹೊಳ್ಳಿ ನೋಡಲಿಲ್ಲ. ಆದ್ರ ಕೇಳಿಸಿಕೊಂಡ್ಳು ವೈನಿ.

ನೀವು ಕೆಟ್ಟವರಂತ ನಾ ಅನ್ನೂದಿಲ್ಲ. ಆಕಿ ಮಗಳ ಬಾಣಂತನಕ್ಕ ಅಂಟಿನ ಉಂಡಿ ಕಟ್ಟಿ, ತುಪ್ಪದ ಡಬ್ಬಿ ಕೊಟ್ಟು ಕಳಿಸಿದವರು ನೀವ. ಅದಕ್ಕ ನಿಮ್ಮ ಜೋಡಿನ ಈ ಮಾತು ಆಡಬೇಕಂತ ಕುಂತೀನಿ. ಅಷ್ಟು ಕರುಳು ಇದ್ದವರಿಗೆ ಆಕಿ ಫ್ರಿಜ್ಜು ಯಾಕ ಕಣ್ಣಿಗೆ ಚುಚ್ಚತೈತಿ ಅನ್ನೂದು ನನಗ ತಿಳೀಬೇಕಾಗೇತಿ.

ಮೊದಲ ಕಾಯ್ದೆ ಏನೈತಿ ನೋಡ್ರಿ. ವರ್ಷದ ಆದಾಯ 1 ಲಕ್ಷ 20 ಸಾವಿರದ ಒಳಗ ಇರಬೇಕು. ಸರ್ಕಾರಿ ನೌಕರಿ ಇರಬಾರದು, ಆದಾಯ ತೆರಿಗಿ ಕಟ್ಟತಿರಬಾರದು, ಸ್ವಂತಕ್ಕ ಬಿಳಿ ಬೋರ್ಡಿನ ಕಾರು ಇರಬಾರದು, ಒಣಬೇಸಾಯದ ಹೊಲ 3 ಹೆಕ್ಟೇರ್, ಅಂದ್ರ ಏಳೂವರಿ ಎಕರೆ ದಾಟಬಾರದು. ಫ್ರಿಜ್ಜಿನ ಹೆಸರು ಇದರಾಗ ಎಲ್ಲೂ ಇಲ್ಲ. 2021ರ ಫೆಬ್ರವರಿಯಾಗ ಆಗಿನ ಆಹಾರ ಮಂತ್ರಿ ಉಮೇಶ ಕತ್ತಿಯವರು ಟಿವಿ, ಫ್ರಿಜ್ಜು, ಬೈಕು ಇದ್ದವರು ಮಾರ್ಚ್ ಮುಗಿಯೂದ್ರಾಗ ಕಾರ್ಡು ವಾಪಸ್ ಕೊಡ್ರಿ ಅಂತ ಹೇಳಿದ್ರು. ನಾಡ ತುಂಬ ಗದ್ದಲ ಎದ್ದಿತು, ಆ ಮಾತು ಹಿಂದ ಸರೀತು. ಸರ್ಕಾರ ಬಿಟ್ಟುಕೊಟ್ಟ ಆ ಕಾಯ್ದೆನ ನಮ್ಮ ಓಣಿ ಇನ್ನೂ ನಡಸಾಕತ್ತೈತಿ.

ಮತ್ತ ಆ ಫ್ರಿಜ್ಜಿಗೆ ಏನರ ಒಂದು ದೊಡ್ಡ ಕಾರಣ ಇರಬೇಕಂತ ನಾವು ಹುಡುಕೂದು ಬ್ಯಾಡ. ಔಷಧ ಇಡಾಕ ತಗೊಂಡಾಳು, ಯಾರೋ ಹಳೇದು ಕೊಟ್ಟಾರು, ಹಿಂಗೆಲ್ಲ ಆಕಿ ಪರವಾಗಿ ಸಬೂಬು ಹೇಳೂದೂ ಒಂದ ನಮೂನಿ ಅವಮಾನನ. ಸಂಘದಾಗ ಸಾಲ ತಗೊಂಡು ಕಂತು ಕಟ್ಟತಾಳ. ಯುಗಾದಿ ಆದ ಮ್ಯಾಲಿನ ಬಿಸಲಾಗ ಎರಿ ಹೊಲದಾಗ ದುಡದು ಬಂದಾಕಿಗೆ ತಣ್ಣನ್ನ ನೀರು ಕುಡೀಬೇಕು ಅನಿಸಿತು, ತಗೊಂಡ್ಳು. ನಮಗ ಅನಿಸಿದಾಗ ನಾವು ಯಾರನ್ನರ ಕೇಳಿದ್ವಿ ಏನು?

ಇನ್ನ ಕಾಗದಪತ್ರದ ಮಾತು. ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಉತಾರ ತಗಸಿ ನೋಡ್ರಿ, ಎಷ್ಟು ಹೊಲ ಇನ್ನೂ ಸತ್ತ ಅಜ್ಜನ ಹೆಸರಲೆ ಅದಾವು. ಮೂರು ಮಂದಿ ಅಣ್ತಮ್ಮರು, ಅವರ ಮಕ್ಕಳು, ಎಲ್ಲಾರೂ ಬಾಯಿ ಮಾತಿನ್ಯಾಗ ಪಾಲು ಮಾಡಿಕೊಂಡಾರ, ಕಾಗದದಾಗ ಒಂದ ಖಾತೆ. ಕಂಪ್ಯೂಟರಿಗೆ ಅದು ಹನ್ನೆರಡು ಎಕರೆ ಸಾವಕಾರನ ಮನಿ. ಒಳಗ ಹೋಗಿ ನೋಡಿದ್ರ ಒಬ್ಬೊಬ್ಬರಿಗೆ ಮೂರು ಎಕರೆನೂ ಬರಂಗಿಲ್ಲ, ಅದೂ ಮಳಿ ನಂಬಿದ ಹೊಲ. ಹೆಸರು ಬಿಡಸೂ ಹೊತ್ತಿಗೆ ಜಿಟಿಜಿಟಿ ಮಳಿ ಹಿಡದ್ರ ಬುಡ್ಡಿ ಗಿಡದಾಗ ಮೊಳಕಿ ಒಡೀತಾವು. ಹಿಂಗಾರಿ ಕಡ್ಲಿಗೆ ಮಳಿ ಕೈ ಕೊಟ್ಟರ ಬೀಜದ ರೊಕ್ಕನೂ ಬರಂಗಿಲ್ಲ. ಇದು ನಿಮಗ ನಾ ಹೇಳಿಕೊಡಬೇಕಾಗಿಲ್ಲ.

2024ರ ನವೆಂಬರದಾಗ ಏನಾತು ನೆನಪೈತಲ್ಲ? ಅನರ್ಹರಂತ ಹೇಳಿ ರಾಜ್ಯದ ತುಂಬ ಕಾರ್ಡು ರದ್ದು ಮಾಡಾಕ ಹತ್ತಿದ್ರು. ರೇಶನ್ ಅಂಗಡಿಗೆ ಚೀಲ ಹಿಡಕೊಂಡು ಹೋದವರಿಗೆ ಅಲ್ಲೇ ಗೊತ್ತಾತು, ನಿಮ್ಮದು ಎಪಿಎಲ್ ಆಗೇತಿ ಅಂತ. ಸಾಲ ತಗೊಳ್ಳಾಕ ಬ್ಯಾಂಕಿನವರು ಕೇಳ್ಯಾರಂತ ಒಂದ ಸಲ ಐಟಿ ರಿಟರ್ನ್ ತುಂಬಿದವರು, ಒಂದು ಪೈಸೆ ತೆರಿಗಿ ಕಟ್ಟದವರು, ಅವರೂ ತೆರಿಗಿದಾರರ ಪಟ್ಟಿಯಾಗ ಬಂದಿದ್ರು. ಗದ್ದಲ ಆದ ಮ್ಯಾಲ ಮುಖ್ಯಮಂತ್ರಿಗಳು ಸರ್ಕಾರಿ ನೌಕರರನ್ನ, ಆದಾಯ ತೆರಿಗಿ ಕಟ್ಟೂರನ್ನ ಬಿಟ್ಟು ಉಳಿದವರ ಕಾರ್ಡು ತಿರುಗಿ ಕೊಡ್ರಿ ಅಂದ್ರು. ಆ ನಡುವಿನ ದಿನದಾಗ ಊರ ಮಂದಿ ಏನಂದ್ರು ಗೊತ್ತೈತೇನ್ರಿ? "ಸರ್ಕಾರ ಸುಮ್ನ ತಗದೀತೇನು, ಏನರ ಇದ್ದಿರಬೇಕು." ಕಾರ್ಡು ತಿರುಗಿ ಬಂತು. ಆ ಮಾತು ಮಾತ್ರ ಯಾರೂ ತಿರುಗಿ ತಗೊಳ್ಳಲಿಲ್ಲ.

ರೇಶನ್ ಅಂಗಡಿ ಮುಂದ ನೀವು ಈಗೀಗ ನಿಂತಿಲ್ಲ ವೈನಿ, ನಿಮ್ಮ ಕಾರ್ಡಿಗೆ ಅಕ್ಕಿ ಬರಂಗಿಲ್ಲಲ್ಲ. ನಾ ಒಬ್ಬಾಕಿ ಮುದುಕಿ ಜೋಡಿ ಹೋಗಿದ್ದೆ. ಹೆಬ್ಬಟ್ಟು ಇಡೂ ಮಶಿನ್ ಇರತೈತಿ ನೋಡ್ರಿ, ಅಂಗೈಯಾಗ ಹಿಡಿಯೂವಷ್ಟು. ಆಕಿ ಬಲಗೈ ಹೆಬ್ಬಟ್ಟು ಇಟ್ಟಳು, ಕೆಂಪು ದೀಪ ಹತ್ತೀತು. ಸೆರಗಿಗೆ ಒರಸಿ ಮತ್ತ ಇಟ್ಟಳು, ಇಲ್ಲ. ತೋರಬಟ್ಟು ಇಡಬೇ ಯಮ್ಮಾ ಅಂದ, ಇಲ್ಲ. ಎಡಗೈ ಅಂದ, ಇಲ್ಲ. ಹಿಂದ ನಿಂತ ಹುಡುಗಿ ತಲಿಯಿಂದ ಕೊಬ್ರಿ ಎಣ್ಣಿ ಒಂದಿಷ್ಟು ಒರಸಿಕೊಂಡು ಮುದುಕಿ ಬಟ್ಟಿಗೆ ಹಚ್ಚಿದ್ಲು. ಆವಾಗೊಮ್ಮೆ ಹಸರು ದೀಪ ಹತ್ತೀತು. ನಾ ಆ ಬಟ್ಟು ಹಿಡಕೊಂಡು ನೋಡಿದೆ. ಗೆರಿನ ಇಲ್ರಿ ಅದರಾಗ. ಹತ್ತಿ ಬಿಡಸಿ, ಮೆಣಸಿನಕಾಯಿ ಬಿಡಸಿ, ಕುರ್ಚಿಗಿ ಹಿಡದು ಕಸಾ ತಗದು ತಗದು ಗೆರಿ ಸವದು ನುಣ್ಣಗಾಗ್ಯಾವು. ದುಡದದ್ದಕ್ಕ ಗುರುತು ಅಳಿಸಿ ಹೋಗೇತಿ, ಗುರುತು ಇಲ್ಲದ್ದಕ್ಕ ಮಶಿನ್ ನೀ ನೀನಲ್ಲ ಅಂತೈತಿ, ಸಾಲಿನ್ಯಾಗ ನಿಂತವರು ಬಿಟ್ಟಿ ಅಕ್ಕಿ ಅಂತಾರ. ಸರ್ವರ್ ಇಲ್ಲದ ದಿನ ಆ ಮುದುಕಿ ಮತ್ತೊಂದು ಸಲ ಬರಬೇಕು. ಗೋವಾಕ್ಕ ದುಡಿಯಾಕ ಹೋದ ಮಗ ಇ-ಕೆವೈಸಿ ಮಾಡಸಾಕ ಕೂಲಿ ಬಿಟ್ಟು ಬರಬೇಕು, ಇಲ್ಲಂದ್ರ ಕಾರ್ಡಿನ್ಯಾಗ ಅವನ ಹೆಸರು ಉಳಿಯೂದು ಕಷ್ಟ. ಪುಗಸಟ್ಟೆ ಅಂತೀವಿ. ಅದಕ್ಕ ಆಕಿ ಕೊಡೂ ಬೆಲಿ ಇದು.

"ಆ ಅಕ್ಕಿನೂ ಮಾರಕೋತಾರಲ್ಲ" ಅಂತೀರಿ. ಹೌದು, ಮಾರೂರು ಅದಾರ. ಅದು ಕಾಯ್ದೆಕ್ಕ ತಪ್ಪು ಅನ್ನೂದೂ ಖರೆ. ಆದ್ರ ಯಾಕ ಮಾರತಾರ ಅಂತ ಜ್ವಾಳದ ನಾಡಿನ್ಯಾಗ ಹುಟ್ಟಿದ ನಾವರ ತಿಳಕೊಳ್ಳಬೇಕಲ್ಲ. 2013ರ ಜುಲೈದಾಗ ಅನ್ನಭಾಗ್ಯ ಶುರು ಆದಾಗಿಂದ ಮುಖ್ಯವಾಗಿ ಕೊಟ್ಟದ್ದು ಅಕ್ಕಿ. 2023ರಾಗ ಹೆಚ್ಚಿನ 5 ಕೆಜಿ ಅಕ್ಕಿ ಸಿಗಲಿಲ್ಲಂತ ತಲಿಗೆ 170 ರೂಪಾಯಿ ಖಾತೆಗೆ ಹಾಕಿದ್ರು. 2025ರಾಗ ರೊಕ್ಕ ನಿಲ್ಲಿಸಿ ಮತ್ತ ಅಕ್ಕಿನ ಕೊಟ್ಟರು. ರೊಕ್ಕ ಬಂದಾಗ ನಮ್ಮ ಕಡೆ ಹೆಣಮಕ್ಕಳು ಸಂತ್ಯಾಗ ಜ್ವಾಳ ತಂದ್ರು, ತೊಗರಿಬ್ಯಾಳಿ ತಂದ್ರು. ಹೊಲದಾಗ ಬಗ್ಗಿ ದುಡಿಯೂ ಜೀವಕ್ಕ ಎರಡು ಹೊತ್ತು ಅನ್ನ ಉಂಡ್ರ ಹೊಟ್ಟಿ ನಿಲ್ಲಂಗಿಲ್ಲ, ಬುತ್ತಿಯಾಗ ರೊಟ್ಟಿ ಬೇಕು, ಮ್ಯಾಲ ಪುಂಡಿಪಲ್ಲೆನೋ ಝುಣಕಾನೋ ಇರಬೇಕು. ಆಕಿ ಅಕ್ಕಿ ಕೊಟ್ಟು ಜ್ವಾಳ ತಂದಿದ್ರ ಆಕಿ ಕಳ್ಳಿ ಅಲ್ಲ ವೈನಿ, ಆಕಿ ರೊಟ್ಟಿ ಉಣ್ಣೂ ಊರಿನಾಕಿ. ಮನಿಮನಿಗೆ ಬಂದು ಹತ್ತು ಹದಿನೈದಕ್ಕ ಒಯ್ದು, ಲಾರಿಗಟ್ಟಲೆ ಗೋದಾಮಿಗೆ ತುಂಬಿ ಕಳಸೂ ವ್ಯಾಪಾರಸ್ಥ ಐದಾನಲ್ಲ, ಅವನ ಹೆಸರು ನಳದ ಮುಂದ ಒಂದು ದಿನನೂ ಬಂದಿಲ್ಲ.

ಈಗ ಕೂಲಿ ಮಾತಿಗೆ ಬರೂಣು, ಯಾಕಂದ್ರ ನಿಮ್ಮ ಸಿಟ್ಟಿನ ಬೇರು ಇರೂದು ಅಲ್ಲೇ. "ಆಳು ಸಿಗವಲ್ರು, ಮಂದಿ ಮೈಗಳ್ಳರಾದ್ರು." ಇದು ನಿಮ್ಮೊಬ್ಬರ ಮಾತಲ್ಲ. 2015ರ ಹೊತ್ತಿಗೆ ಹೆಸರಾದ ಸಾಹಿತಿಗಳೂ ಅನ್ನಭಾಗ್ಯದಿಂದ ಜನ ಸೋಮಾರಿ ಆಗತಾರಂತ ಹೇಳಿದ್ರು. ನಾನೂ ಹೊಲ ಮಾಡಿಸೂ ಮನಿಯಾಕಿನ. ಸದಿ ಏರಿ ನಿಂತಾಗ ಆಳು ಸಿಗದಿದ್ರ ಎಷ್ಟು ಜೀವ ಹಾರತೈತಿ ನನಗೂ ಗೊತ್ತೈತಿ. ಆದ್ರ ಲೆಕ್ಕ ಹಾಕ್ರಿ. ಗೃಹಲಕ್ಷ್ಮಿಯ ತಿಂಗಳಾ ಎರಡು ಸಾವಿರ ಅಂದ್ರ ದಿನಕ್ಕ 66 ರೂಪಾಯಿ. ಐದು ಮಂದಿ ಮನಿಯಾಗ ತಲಿಗೆ ಹದಿಮೂರು. ಹದಿಮೂರು ರೂಪಾಯಿಗೆ ಯಾರರ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕುಂದ್ರತಾರೇನು? ಅದೂ ತಿಂಗಳಾ ತಿಂಗಳಾ ಬಂದ್ರಲ್ಲ, ಮೂರ್ಮೂರು ತಿಂಗಳು ತಡಾ ಆಗಿದ್ದೂ ಐತಿ.

ಆಕಿ ಕೆಲಸ ಬಿಟ್ಟಿಲ್ಲ. ನಮ್ಮ ಕೆಲಸ ಬಿಟ್ಟಾಳ. ಹೆಣ್ಣಾಳಿಗೆ ನಾವು ಕೊಡೂ ಕೂಲಿ ಎಷ್ಟು? ಉದ್ಯೋಗ ಖಾತ್ರಿ ಕೂಲಿ 2025-26ಕ್ಕ ದಿನಕ್ಕ 370 ರೂಪಾಯಿ ಇತ್ತು, ಗಂಡಿಗೂ ಅಷ್ಟ, ಹೆಣ್ಣಿಗೂ ಅಷ್ಟ. ಬದುವು ಹಾಕಿದ್ರೂ ಕೃಷಿಹೊಂಡ ತೋಡಿದ್ರೂ ಆಕಿಗೆ ಅಲ್ಲಿ ಆ ದರ ಇತ್ತು. ಹುಬ್ಬಳ್ಳಿಗೆ ಬಸ್ಸಿನ್ಯಾಗ ಹೋದ್ರ ಬ್ಯಾರೆ ಕೆಲಸ ಐತಿ. ನಾವು ಅದಕ್ಕಿಂತ ಕಡಿಮಿ ಕೊಟ್ಟು, ಚಾದಾಗೂ ಬ್ಯಾರೆ ಕಪ್ಪು ಇಟ್ಟು, ಬರಲಿಲ್ಲ ಅಂದ್ರ ಸೋಮಾರಿ ಅಂತೀವಿ.

ಮೊದಲ ಏನಿತ್ತು ಹೇಳ್ರಿ. ಮಳಿ ಹೋತಂದ್ರ ಆಕಿ ಅವ್ವ ನಮ್ಮ ಅತ್ತಿ ಮುಂದ ಬಂದು ನಿಂದ್ರತಿದ್ಲು. ಎರಡು ಸೇರು ಜ್ವಾಳ ಕೊಡ್ರೀ ಎವ್ವಾ, ಸುಗ್ಗಿಗೆ ದುಡದು ತೀರಸತೀನಿ. ಅತ್ತಿ ಕೊಡತಿದ್ರು, ಇಲ್ಲ ಅನ್ನತಿದ್ದಿಲ್ಲ. ಊರೆಲ್ಲಾ ಅತ್ತಿಗೆ ದೊಡ್ಡ ಕೈ ಅಂತಿತ್ತು. ಆದ್ರ ಸುಗ್ಗಿ ಬಂದಾಗ ಆಕಿಗೆ ಇಲ್ಲ ಅನ್ನೂ ಬಾಯಿ ಇರತಿದ್ದಿಲ್ಲ. ಎಷ್ಟು ಕೊಟ್ಟರ ಅಷ್ಟಕ್ಕ, ಯಾವಾಗ ಕರದ್ರ ಆವಾಗ ಬರಬೇಕಿತ್ತು. 2023ರ ಆಗಸ್ಟ್ 30ಕ್ಕ ಮೈಸೂರಾಗ ಗೃಹಲಕ್ಷ್ಮಿ ಶುರು ಆದ ಮ್ಯಾಲ ಒಂದು ಕೋಟಿಗಿಂತ ಹೆಚ್ಚು ಹೆಣಮಕ್ಕಳ ಖಾತೆಗೆ ರೊಕ್ಕ ನೇರ ಬಂತು. ನಡುವ ಅತ್ತಿ ಇಲ್ಲ, ಗೌಡ್ರಿಲ್ಲ, ಗಂಡನೂ ಇಲ್ಲ. ಕಾರ್ಡಿನ್ಯಾಗ ಮನಿ ಯಜಮಾನಿ ಅಂತ ಆಕಿ ಹೆಸರು ಮೊದಲ ಬಂತು. ನಾವು ಕೈ ಎತ್ತಿ ಕೊಟ್ಟದ್ದಕ್ಕ ಪುಣ್ಯ ಅಂತೀವಿ, ಆಕಿ ಖಾತೆಗೆ ಬಂದದ್ದಕ್ಕ ಬಿಟ್ಟಿ ಅಂತೀವಿ. ಅಂಟಿನ ಉಂಡಿ ಕೊಟ್ಟಾಗ ಆಕಿ ನಿಮ್ಮ ಮುಂದ ತಲಿ ತಗ್ಗಿಸಿದ್ಲು. ಗೃಹಲಕ್ಷ್ಮಿಗೆ ತಗ್ಗಸಬೇಕಾಗಿಲ್ಲ. ವೈನಿ, ನಮಗ ಹೊಟ್ಟ್ಯಾಗ ಉರಿಯೂದು ಆ ಎರಡು ಸಾವಿರ ಅಲ್ಲ. ಆಕಿ ನಮ್ಮನ್ನ ಕೇಳದಂಗ ಆತಲ್ಲ, ಅದು.

ಸರ್ಕಾರದ ನೆರವು ತಗೊಳ್ಳೂರು ಸುಳ್ಳು ಹೇಳತಾರ, ಮೈಗಳ್ಳರಾಗತಾರ ಅನ್ನೂ ಅನುಮಾನ ಇವತ್ತಿಂದಲ್ಲ. ನಮ್ಮ ಹಿರ್‍ಯಾರು ಧಾತು-ಈಶ್ವರದ ಬರ ಅಂತಿದ್ರಲ್ಲ, 1876ರಿಂದ 78ರ ತನಕದ್ದು, ಆವಾಗ ಧಾರವಾಡ ಜಿಲ್ಲಾ ಮುಂಬಯಿ ಇಲಾಖೆದಾಗ ಇತ್ತು. ಅದಕ್ಕಿಂತ ಮೊದಲ 1873-74ರಾಗ ಬಂಗಾಲ-ಬಿಹಾರದ ಕಡೆ ಬರ ಬಿದ್ದಾಗ ರಿಚರ್ಡ್ ಟೆಂಪಲ್ ಅನ್ನೂ ಅಧಿಕಾರಿ ಬರ್ಮಾದಿಂದ ಅಕ್ಕಿ ತರಿಸಿ ಬಾಳ ಮಂದಿ ಜೀವ ಉಳಿಸಿದ್ದ. ಅದಕ್ಕ ಅವಗ ಶಾಭಾಸ್ಕಿ ಸಿಗಲಿಲ್ಲ, ಸರ್ಕಾರದ ರೊಕ್ಕ ಚೆಲ್ಲಿದಂತ ಬೈಗಳ ಸಿಕ್ಕವು. 1877ರಾಗ ಅದ ಟೆಂಪಲ್‌ನ ವೈಸ್‌ರಾಯ್ ಲಿಟ್ಟನ್ ದಕ್ಷಿಣದ ಬರ ನೋಡಾಕ ಕಳಿಸಿದ. ಈ ಸಲ ಅವಾ ಕೈ ಬಿಗಿ ಹಿಡದ. ಬರಗಾಲದ ಕಾಮಗಾರಿಯಾಗ ಕಲ್ಲು ಒಡಿಯೂ, ಮಣ್ಣು ಹೊರೂ ಗಂಡಾಳಿಗೆ ದಿನಕ್ಕ ಒಂದು ಪೌಂಡು ಧಾನ್ಯದ ಬೆಲಿ, ಮ್ಯಾಲ ಒಂದಿಷ್ಟು ಪುಡಿಗಾಸು ಸಾಕು ಅಂದ. ಒಂದು ಪೌಂಡು ಅಂದ್ರ 450 ಗ್ರಾಂ. ಹೆಚ್ಚಿಗಿ ಕೊಟ್ಟರ ಅಗತ್ಯ ಇಲ್ಲದವರೂ ಬಂದು ಸೇರತಾರ, ಮಂದಿ ಸರ್ಕಾರದ ಮ್ಯಾಲ ಬೀಳತಾರ ಅನ್ನೂ ಹೆದರಿಕಿ. ಪುಣೆಯ ಸಾರ್ವಜನಿಕ ಸಭಾದವರು ಇದು ಹೊಟ್ಟಿಗೆ ಸಾಲಂಗಿಲ್ಲಂತ ಅರ್ಜಿ ಮ್ಯಾಲ ಅರ್ಜಿ ಬರದ್ರು. ಮುಂಬಯಿ ಇಲಾಖೆದಾಗ ಆ ಕೂಲಿ ಒಲ್ಲೆವಂತ ಸಾವಿರಾರು ಮಂದಿ ಕಾಮಗಾರಿ ಬಿಟ್ಟು ಹೊಂಟುಹೋದ್ರು. ದಕ್ಷಿಣದ ತುಂಬ ಲಕ್ಷಗಟ್ಟಲೆ ಜನ ಸತ್ತರು. ಸುಳ್ಳು ಹೇಳಿ ಒಬ್ಬಾವ ಉಂಡಾನು ಅನ್ನೂ ಅಂಜಿಕಿಗೆ ಖರೇ ಹಸದವರನ್ನ ಸಾಯಾಕ ಬಿಟ್ಟ ಲೆಕ್ಕಾಚಾರ ಅದು. ಟೆಂಪಲ್ ಆಮ್ಯಾಲ ಮುಂಬಯಿಯ ಗವರ್ನರ್ ಆದ.

ಬಸ್ಸಿಂದ ಹೆಚ್ಚಿಗಿ ಹೇಳಂಗಿಲ್ಲ. 2023ರ ಜೂನ್ 11ರಿಂದ ಹೆಣಮಕ್ಕಳ ಪುಗಸಟ್ಟೆ ಬಸ್ಸಿನ ಶಕ್ತಿ ಯೋಜನಾ ನಡದೈತಿ. ಮೊದಮೊದಲ ಸವದತ್ತಿ ಎಲ್ಲವ್ವಗ, ಧರ್ಮಸ್ಥಳಕ್ಕ ಗದ್ದಲ ಕೂಡಿದ್ದು ಖರೆ. ಹುಟ್ಟಿದಾಗಿಂದ ಹೊಲ ಮನಿ ಬಿಟ್ಟು ಎಲ್ಲೂ ಹೋಗದಾಕಿ ಒಮ್ಮೆ ದೇವರ ದರ್ಶನಕ್ಕ ಹೋದ್ರ ಅದೇನು ಅಪರಾಧ? ಈಗ ಮುಂಜಾನಿ ಅಣ್ಣಿಗೇರಿ ಬಸ್ಸ್ಟ್ಯಾಂಡಿನ್ಯಾಗ ನಿಂತು ನೋಡ್ರಿ. ಕಾಯಿಪಲ್ಲೆ ಬುಟ್ಟಿಯಾಕಿ, ಗದಗಿಗೆ ಕಾಲೇಜಿಗೆ ಹೋಗೂ ಹುಡುಗಿ, ಹುಬ್ಬಳ್ಳಿ ಕಿಮ್ಸಿಗೆ ಎರಡನೇ ಸಲ ತೋರಸಾಕ ಹೊಂಟಾಕಿ. ಎರಡನೇ ಸಲ ಅನ್ನೂದ ದೊಡ್ಡ ಮಾತು. ಮೊದಲ ಒಂದ ಸಲ ತೋರಿಸಿ, ಗುಳಗಿ ಮುಗದ ಮ್ಯಾಲ ಬಸ್ ಚಾರ್ಜಿಗೆ ಹಿಂದ ಮುಂದ ನೋಡಿ ಮನ್ಯಾಗ ಉಳೀತಿದ್ರು.

ಇನ್ನ ನಮ್ಮ ಮನಿಗಳ ಲೆಕ್ಕ. ನಿಮ್ಮ ಮನಿಯವರಿಗೆ ಸಾಲಿ ಮಾಸ್ತರಕಿ ಪಿಂಚಣಿ ಐತಿ. ದುಡದಾರ, ಬರಬೇಕು, ಅದರಾಗ ಎರಡು ಮಾತಿಲ್ಲ. ನಮ್ಮ ಮನಿಗೆ ಪಿಎಂ ಕಿಸಾನ್ ವರ್ಷಕ್ಕ 6 ಸಾವಿರ ಬರತೈತಿ, ಮೂರು ಕಂತಿನ್ಯಾಗ. ಸೊಸೈಟಿಯಾಗ ಶೂನ್ಯ ಬಡ್ಡಿ ಸಾಲ ಐತಿ, ಆ ಬಡ್ಡಿ ಸರ್ಕಾರ ತುಂಬತೈತಿ. ಬೆಳಿ ವಿಮಾದಾಗ ಮುಂಗಾರಿಗೆ ನಾವು ಕಟ್ಟೂದು ನೂರಕ್ಕ ಎರಡು, ಉಳಿದದ್ದು ಎರಡೂ ಸರ್ಕಾರ ಕೂಡಿ ಕಟ್ಟತಾವು. ಕುಂದಗೋಳ, ಕಲಘಟಗಿ ಕಡೆ ಬೋರು ಇದ್ದವರಿಗೆ 10 ಎಚ್‌ಪಿ ತನಕಾ ಕರೆಂಟ್ ಬಿಲ್ಲಿಲ್ಲ. 2018ರಾಗ ಸಾಲ ಮನ್ನಾ ಆತು. ಇದಕ್ಕೆಲ್ಲಾ ಬಿಟ್ಟಿ ಅಂತ ಯಾರರ ನಮ್ಮನ್ನ ಅಂದಾರೇನು? ಪಿಎಂ ಕಿಸಾನ್ ರೊಕ್ಕ ಆದಾಯ ತೆರಿಗಿ ಕಟ್ಟೂ ಮಂದಿನೂ ತಗೊಂಡಿದ್ರು, ಅವರಿಂದ ವಸೂಲಿನೂ ನಡೀತು. ಆದ್ರ ರೈತರೆಲ್ಲಾ ಕಳ್ಳರಂತ ಯಾರೂ ಅನ್ನಲಿಲ್ಲ, ಅನ್ನಬಾರದು. 2025ರ ಮಾರ್ಚಿನ್ಯಾಗ ನಮ್ಮ ಶಾಸಕರು ತಮ್ಮ ಪಗಾರ ತಾವ 40 ಸಾವಿರದಿಂದ 80 ಸಾವಿರಕ್ಕ ಏರಿಸಿಕೊಂಡ್ರು. 2019ರಾಗ ಕಂಪನಿಗಳ ತೆರಿಗಿ ನೂರಕ್ಕ ಮೂವತ್ತರಿಂದ ಇಪ್ಪತ್ತೆರಡಕ್ಕ ಇಳಿಸಿದಾಗ ವರ್ಷಕ್ಕ 1 ಲಕ್ಷ 45 ಸಾವಿರ ಕೋಟಿ ಬಿಟ್ಟುಕೊಟ್ಟಂಗ ಆಗತೈತಿ ಅಂತ ಕೇಂದ್ರ ಸರ್ಕಾರನ ಹೇಳಿತು. ಅನ್ನಭಾಗ್ಯ, ಗೃಹಲಕ್ಷ್ಮಿ, ಶಕ್ತಿ ಹಿಡದು ಕರ್ನಾಟಕದ ಐದೂ ಗ್ಯಾರಂಟಿ ಯೋಜನಾ ಕೂಡಿ ವರ್ಷಕ್ಕ ಸುಮಾರು 52 ಸಾವಿರ ಕೋಟಿ. ಎರಡೂ ಬ್ಯಾರೆ ಸರ್ಕಾರ, ಬ್ಯಾರೆ ಲೆಕ್ಕ, ಒಪ್ಪಿಕೊಳ್ಳತೀನಿ. ಆದ್ರ ಆ ಕಂಪನಿಯವರ ಮನ್ಯಾಗ ಫ್ರಿಜ್ಜು ಐತೇನಂತ ಯಾರು ಬಗ್ಗಿ ನೋಡ್ಯಾರು?

ನಾವು ನವಲಗುಂದದ ಸೀಮಿಯವರು, ನಾವಂತೂ ಈ ಬಿಟ್ಟಿ ಅನ್ನೂ ಮಾತು ಆಡಬಾರದು. 1980ರ ಜುಲೈ 21. ಮಲಪ್ರಭಾ ಕಾಲವಿ ನೀರು ಹೊಲಕ್ಕ ನೆಟ್ಟಗ ಮುಟ್ಟದಿದ್ರೂ ಅಭಿವೃದ್ಧಿ ಕರ ಕಟ್ರಿ ಅಂತ ಸರ್ಕಾರ ಕುಂತಿತ್ತು. ರೈತರು ಕಚೇರಿ ಮುಂದ ಬಂದು ನಿಂತ್ರು. ಗೋಲಿಬಾರ ಆತು. ನವಲಗುಂದದಾಗ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಾಗ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಜೀವ ಬಿಟ್ಟರು. ವರ್ಷಾ ಆ ದಿನ ರೈತ ಹುತಾತ್ಮ ದಿನ ಅಂತ ವೀರಗಲ್ಲಿಗೆ ಮಾಲಿ ಹಾಕತೀವಿ. ಆವಾಗ ಗುಂಡೂರಾಯರ ಸರ್ಕಾರ ಇತ್ತು. ಕರ ಕಟ್ಟಲಾರದವರು, ಸಾಲ ಮುಳುಗಿಸೂರು ಅಂತ ರೈತರನ್ನ ಬೈದವರೇನು ಕಡಿಮಿ ಇದ್ದಿಲ್ಲ. ಸರ್ಕಾರದ ಮುಂದ ಹಕ್ಕು ಅಂತ ನಿಂತವರ ಮಕ್ಕಳು ನಾವು. ನಾವು ಕೇಳಿದ್ದು ಹಕ್ಕು, ನಮ್ಮ ಹೊಲದಾಗ ಕಸಾ ತಗಿಯಾಕಿ ಕೇಳಿದ್ದು ಬಿಟ್ಟಿ, ಈ ನ್ಯಾಯ ನನಗ ಒಪ್ಪಂಗಿಲ್ಲ ವೈನಿ.

ಸುಳ್ಳು ಕಾರ್ಡು ಇಲ್ಲ ಅನ್ನಾಕತ್ತಿಲ್ಲ ನಾ. ಅದಾವು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಐತಲ್ಲ, ಕಟ್ಟಡ ಕಟ್ಟೂರ ಹಂತ್ಯಾಕ ನೂರಕ್ಕ ಒಂದು ರೂಪಾಯಿ ಸೆಸ್ ಎತ್ತಿ ಗೌಂಡಿಗಳಿಗೆ, ಗಾರಿ ಹೊರೂರಿಗೆ ಕೊಡೂದು. ಅದರಾಗ ಒಂದ ದಿನನೂ ಕರಣಿ ಹಿಡಿಯದವರು ಲೇಬರ್ ಕಾರ್ಡು ಮಾಡಿಸಿಕೊಂಡ್ರು. ನಮ್ಮ ಕಲಘಟಗಿಯ ಶಾಸಕರು ಸಂತೋಷ ಲಾಡ್ ಅವರ ಕಾರ್ಮಿಕ ಮಂತ್ರಿ, ಅವರ ಇಲಾಖೆನ ಬೋಗಸ್ ಕಾರ್ಡು ತಗಿಯಾಕ ಹತ್ತೀತು. ಆ ಕಾರ್ಡು ಯಾರು ಮಾಡಿಸಿದ್ರು? ರೊಕ್ಕ ತಗೊಂಡು ಸಹಿ ಶಿಕ್ಕಾ ಹಾಕಿಸಿಕೊಟ್ಟ ಏಜೆಂಟರು, ಕಣ್ಣು ಮುಚ್ಚಿಕೊಂಡವರು. ಬ್ಯಾಸಗಿ ಬಿಸಲಾಗ ನಾಕನೇ ಮಜಲಿಗೆ ಇಟ್ಟಂಗಿ ಹೊತ್ತ ಹೆಣಮಗಳು ಅಲ್ಲ. ಆದ್ರ ಬೋಗಸ್ ಅನ್ನೂ ಹೆಸರು ಅಂಟಿದ್ದು ಯಾರಿಗೆ? ಆಕಿಗೆ.

ಎಲ್ಲಾ ಕಡೆ ಇದ ಹಾಡು. ಅಮೆರಿಕಾದಾಗ 1976ರ ಚುನಾವಣಿ ಪ್ರಚಾರಕ್ಕ ರೊನಾಲ್ಡ್ ರೇಗನ್ ಊರೂರಾಗ ಶಿಕಾಗೋದ ಒಬ್ಬಾಕಿ ಹೆಣಮಗಳ ಕತಿ ಹೇಳತಿದ್ದ, ಎಂಬತ್ತು ಹೆಸರು ಇಟ್ಟುಕೊಂಡು ಸರ್ಕಾರದ ರೊಕ್ಕ ಹೊಡೀತಾಳಂತ. ಅಂಥಾಕಿ ಒಬ್ಬಾಕಿ ಖರೇನ ಇದ್ದಳು, ಮೋಸಕ್ಕ ಶಿಕ್ಷಾನೂ ಆತು. ಕತಿಯಾಗ ಹೇಳಿದಷ್ಟು ದೊಡ್ಡ ಮೋಸ ಕೋರ್ಟಿನ್ಯಾಗ ಸಿದ್ಧ ಆಗಲಿಲ್ಲ. ಒಬ್ಬಾಕಿ ಮಾಡಿದ್ದು ಆ ದೇಶದಾಗ ಸರ್ಕಾರದ ನೆರವು ತಗೊಳ್ಳೂ ಎಲ್ಲಾ ಬಡ ತಾಯಂದ್ರ ಮುಖಕ್ಕ ಮಸಿ ಆತು.

ಈ ಮಾತಿಂದ ಆಗೂ ಖರೇ ಲುಕ್ಸಾನ ಯಾವುದಂತ ಹೇಳತೀನಿ ಕೇಳ್ರಿ, ಆಮ್ಯಾಲ ನಿಮ್ಮನ್ನ ಬಿಡತೀನಿ. ಅಗಸಿ ಹತ್ರ ಇರೂ ಮುದುಕಿ, ಅದ ಹೆಬ್ಬಟ್ಟು ಮೂಡದಾಕಿ. ಎಪ್ಪತ್ತು ದಾಟ್ಯಾವು. ಸಂಧ್ಯಾ ಸುರಕ್ಷಾ ಪಗಾರಕ್ಕ ಅರ್ಜಿನ ಹಾಕಿಲ್ಲ. 65 ತುಂಬಿದ ಬಡವರಿಗೆ ತಿಂಗಳಾ 1,200 ಬರತೈತಿ, 2007ರಿಂದ ಐತಿ ಆ ಯೋಜನಾ. ಯಾಕ ಹಾಕಿಲ್ಲಬೇ ಅಂತ ಕೇಳಿದೆ. "ಮಂದಿ ಅಂತಾರ ತಂಗಿ, ಎರಡ ಗಂಡ ಮಕ್ಕಳದಾವು, ಇಕಿಗ್ಯಾಕ ಸರ್ಕಾರದ ಪಗಾರ ಅಂತ. ಮಕ್ಕಳ ಮಾನ ಹೋಗತೈತಿ." ಒಬ್ಬ ಮಗ ಗೋವಾದಾಗ, ಒಬ್ಬ ಮಂಗಳೂರಾಗ, ಇಬ್ಬರೂ ಗಾರಿ ಕೆಲಸ, ತಮ್ಮ ಹೊಟ್ಟಿನ ತಮಗ ಭಾರ. ಆಕಿಗೆ ಹಕ್ಕಿನ ಪಗಾರ ತಪ್ಪಿಸಿದ್ದು ಯಾವ ಅಧಿಕಾರಿನೂ ಅಲ್ಲ, ಯಾವ ಮಶಿನ್ನೂ ಅಲ್ಲ. ಓಣ್ಯಾಗ ನಾವು ಆಡೂ ಮಾತು. ಬೋಗಸ್ ಕಾರ್ಡಿನ ಏಜೆಂಟಗ ನಮ್ಮ ಮಾತು ತಟ್ಟಂಗಿಲ್ಲ, ಅವಾ ನಕ್ಕೋತ ಹೋಗತಾನ. ತಟ್ಟೂದು ಮಾನಕ್ಕ ಅಂಜೂ ಇಂಥಾಕಿಗೆ.

ಖರೇನ ಯಾರದರ ಕಾರ್ಡು ಸುಳ್ಳು ಐತಿ ಅಂತ ನಿಮಗ ಗೊತ್ತಿದ್ರ ಗ್ರಾಮಸಭಾ ಐತಿ, ಎದ್ದು ನಿಂತು ಹೇಳ್ರಿ, ನಾನೂ ನಿಮ್ಮ ಮಗ್ಗಲಾಗ ನಿಂದ್ರತೀನಿ. ಅಂಗಡಿಯಾವ ತೂಕದಾಗ ಹೊಡದ್ರ 1967ಕ್ಕ ಫೋನ್ ಹಚ್ಚಿ ದೂರು ಕೊಡೂಣು. ಹೆಸರು ಹೇಳಿ, ಕಾಗದ ತೋರಿಸಿ, ಮುಖಾಮುಖಿ ಕೇಳೂಣು. ಬೆನ್ನ ಹಿಂದ ಸೀರಿ, ಬೈಕು, ಫ್ರಿಜ್ಜು ಎಣಸೂದು ಬ್ಯಾಡ.

ಆ ಮುದುಕಿಗೆ ನಾ ಹೇಳಿದ್ರ ಕೇಳವಲ್ಲಳು, ನಿಮ್ಮ ಮಾತು ತಗದು ಹಾಕಂಗಿಲ್ಲ. ನೀವು ಒಂದು ಮಾತು ಹೇಳ್ರಿ, ಸೋಮವಾರ ಮೂರೂ ಮಂದಿ ಕೂಡಿ ನಾಡಕಚೇರಿಗೆ ಹೋಗೂಣು. ಆಧಾರ್, ರೇಶನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಒಂದು ಫೋಟೋ ಇಟ್ಟುಕೊಳ್ಳಾಕ ಹೇಳ್ರಿ ಆಕಿಗೆ.